ಬೆಟ್ಟದ ಯೋಜನೆ ಹಿಂದೆ ಉಳಿಯುವವರಿಂದ ಶುರುವಾಗಲಿ

ದಾವಣಗೆರೆ, ಹರಿಹರದ ಸುತ್ತಲಿನ ಹಳ್ಳಿಗಳ ಹುಡುಗ ಹುಡುಗಿಯರ ಫೋನಿನಲ್ಲಿ ಈಗ ಬೆಟ್ಟಗಳದ್ದೇ ವಿಡಿಯೋ. ಮಂಜು, ಹಸಿರು ಹುಲ್ಲು, ತುದಿಯಲ್ಲಿ ಕೈ ಚಾಚಿ ನಿಂತ ಒಬ್ಬ ಯುವಕ. ಕೆಳಗೆ ಕಾಮೆಂಟ್: "ನಾವ್ಯಾವಾಗ ಹೋಗೋದು?" ಮರುದಿನ ವಾಟ್ಸಾಪ್ ಗ್ರೂಪ್ ಹುಟ್ಟುತ್ತದೆ, ವಾರದೊಳಗೆ ಸತ್ತೂ ಹೋಗುತ್ತದೆ. ಒಬ್ಬರಿಗೆ ದುಡ್ಡಿಲ್ಲ, ಒಬ್ಬರಿಗೆ ಮನೆಯಲ್ಲಿ ಬಿಡುವುದಿಲ್ಲ, ಒಬ್ಬರಿಗೆ "ನನ್ನ ಕೈಲಿ ಆಗುತ್ತಾ" ಎಂಬ ಅಂಜಿಕೆ. ಕೊನೆಗೆ ಗಟ್ಟಿ ಕಾಲಿನ ಇಬ್ಬರೋ ಮೂವರೋ ಬೈಕ್ ಹತ್ತಿ ಹೋಗಿ ಬರುತ್ತಾರೆ. ಉಳಿದವರು ಅವರ ಸ್ಟೇಟಸ್ ನೋಡುತ್ತಾರೆ.

ಇಲ್ಲಿ ತಪ್ಪುತ್ತಿರುವುದು ಯೋಜನೆ ಎಂದು ನಮಗೆ ಅನಿಸುತ್ತದೆ. ಬೆಟ್ಟದ ಪ್ರವಾಸವನ್ನು ನಾವು ಶಿಖರದಿಂದ ಯೋಚಿಸಲು ಶುರುಮಾಡುತ್ತೇವೆ: ಯಾವ ಬೆಟ್ಟ, ಎಷ್ಟು ಎತ್ತರ, ಯಾವ ಫೋಟೋ. ಶುರುಮಾಡಬೇಕಾದದ್ದು ಗುಂಪಿನಲ್ಲಿ ಹಿಂದೆ ಉಳಿಯುವವರಿಂದ. ಅವರು ದಿನಕ್ಕೆ ಎಷ್ಟು ನಡೆಯಬಲ್ಲರು ಎಂಬುದು ಗೊತ್ತಾದರೆ ಬೆಟ್ಟ, ದಾರಿ, ದಿನ, ಖರ್ಚು ಎಲ್ಲವೂ ತಾನಾಗಿ ಗೊತ್ತಾಗುತ್ತದೆ.

ಇದು ನಮ್ಮ ಸೀಮೆಗೆ ಹೊಸ ವಿದ್ಯೆಯಲ್ಲ. ಪ್ರತಿವರ್ಷ ಕೊಟ್ಟೂರು ಗುರುಬಸವೇಶ್ವರ ಸ್ವಾಮಿಯ ತೇರಿಗೆ ದಾವಣಗೆರೆಯಿಂದ, ಸುತ್ತಲಿನ ಹಳ್ಳಿಗಳಿಂದ ಸಾವಿರಾರು ಜನ ನಡೆದೇ ಹೋಗುತ್ತಾರೆ. ಅದರಲ್ಲಿ ಅರವತ್ತು ದಾಟಿದ ಅಜ್ಜಿಯೂ ಇರುತ್ತಾರೆ, ಹೈಸ್ಕೂಲಿನ ಹುಡುಗನೂ ಇರುತ್ತಾನೆ. ಅವರನ್ನು ನಡೆಸುವ ಹಿರಿಯರು ಯಾವ ತರಬೇತಿಯನ್ನೂ ಪಡೆದವರಲ್ಲ. ಆದರೆ ಅವರ ಲೆಕ್ಕ ನೋಡಿ. ಬಿಸಿಲೇರುವ ಮೊದಲು ಅರ್ಧ ದಾರಿ. ಮಧ್ಯಾಹ್ನ ನೆರಳು ಮತ್ತು ನೀರು ಇರುವ ಕಡೆ ಊಟ, ಅಡ್ಡಾಗುವುದು. ಸಂಜೆ ತಂಪಿನಲ್ಲಿ ಮಿಕ್ಕಿದ್ದು. ಹಾಸಿಗೆ, ಪಾತ್ರೆ ಟ್ರ್ಯಾಕ್ಟರಿನಲ್ಲಿ. ನಡೆಯುವವರ ಹೆಗಲಿಗೆ ಒಂದು ಚೀಲ ಮಾತ್ರ. ಯಾರಿಗಾದರೂ ಕಾಲು ಬಾತರೆ ಎಣ್ಣೆ ಹಚ್ಚಲು ಒಬ್ಬರು, ನಡೆಯಲಾಗದಿದ್ದರೆ ಕೂರಲು ಒಂದು ಗಾಡಿ.

ಸುಲಭದ ಚಾರಣಕ್ಕೆ ಬೇಕಾದ ಮುಖ್ಯ ಪಾಠ ಇಷ್ಟೇ. ನಡೆದು ಗೊತ್ತಿರುವ ಊರಿನವರು ನಾವು. ಬೆಟ್ಟದಲ್ಲಿ ಇದರ ಜೊತೆ ಇನ್ನೂ ನಾಲ್ಕು ಸಂಗತಿ ಸೇರುತ್ತವೆ: ಏರು, ಮಳೆ, ಕಾಡು ಮತ್ತು ಪರವಾನಗಿ.

ಎಲ್ಲಿಗೆ ಹೋಗಬೇಕು?

ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ಮೊದಲ ಬಾರಿಗೆ ಹೋಗುವವರು ಹಿಮಾಲಯದ ಮಾತು ಬಿಡುವುದು ಒಳ್ಳೆಯದು. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ, ಹೆಚ್ಚಿನವರು ಕರ್ನಾಟಕದವರೇ ಇದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿ 9 ಜನ ತೀರಿಕೊಂಡರು. ಅವರಲ್ಲಿ ಬೆಟ್ಟದ ಅನುಭವ ಇದ್ದವರೂ ಇದ್ದರು. ಸಮುದ್ರಮಟ್ಟದಿಂದ ನಾಲ್ಕು ಸಾವಿರ ಮೀಟರ್ ಮೇಲೆ ಹವಾಮಾನ ಕೆಟ್ಟರೆ ಅನುಭವಕ್ಕೂ ಎಟುಕದ ಪರಿಸ್ಥಿತಿ ಬರಬಹುದು. ನಮ್ಮ ದಾವಣಗೆರೆ ಇರುವುದು ಸುಮಾರು ಆರುನೂರು ಮೀಟರ್ ಎತ್ತರದ ಬಯಲಿನಲ್ಲಿ. ಇಲ್ಲಿಂದ ನೇರ ಅಲ್ಲಿಗೆ ಹಾರುವ ಅವಸರ ಬೇಡ.

ನಮ್ಮ ಸಲಹೆ ಕಳಸ ಮತ್ತು ಕುದುರೆಮುಖದ ಕಡೆ. ಅದಕ್ಕೆ ಕಾರಣ ನಮ್ಮ ಗದ್ದೆಯಲ್ಲೇ ಇದೆ. ಹರಿಹರದ ಪಕ್ಕ ಹರಿಯುವ ತುಂಗಭದ್ರೆಯ ಎರಡೂ ಹೊಳೆಗಳು ಹುಟ್ಟುವುದು ಆ ಬೆಟ್ಟಸಾಲಿನ ಗಂಗಾಮೂಲದಲ್ಲಿ. ಭದ್ರೆ ಅಲ್ಲಿಂದ ಕಳಸ, ಬಾಳೆಹೊನ್ನೂರು ಹಾದು ಲಕ್ಕವಳ್ಳಿ ಅಣೆಕಟ್ಟೆಗೆ ಬರುತ್ತಾಳೆ. ಅಲ್ಲಿಂದ ನಾಲೆಯಲ್ಲಿ ನಮ್ಮ ಭತ್ತಕ್ಕೆ, ಅಡಿಕೆಗೆ. ಉಳಿದ ಹೊಳೆ ಕೂಡಲಿಯಲ್ಲಿ ತುಂಗೆಯನ್ನು ಸೇರಿ ಹರಿಹರಕ್ಕೆ.

ಬೇಸಿಗೆ ಬೆಳೆಗೆ ನೀರು ಬಿಡುವ ಹೊತ್ತಿಗೆ ನಾಲೆಯ ಕೊನೆ ಭಾಗದ ರೈತರು ರಸ್ತೆಗಿಳಿಯುವುದು ನಮಗೆ ಹೊಸದಲ್ಲ. ಮೇಲಿನವರು ಪಂಪ್‌ಸೆಟ್ ಹಾಕಿದರು, ಕೆಳಗಿನವರಿಗೆ ಬರಲಿಲ್ಲ ಎಂಬ ಜಗಳದಲ್ಲಿ ಬೆಳೆದ ಮಕ್ಕಳು ನಾವು. ತೂಬಿನ ನಂಬರು ಬಾಯಿಪಾಠ. ಆದರೆ ಆ ನೀರನ್ನು ಮಳೆಗಾಲದಲ್ಲಿ ಹೀರಿಕೊಂಡು ತಿಂಗಳುಗಟ್ಟಲೆ ಜಿನುಗಿಸುವ ಹುಲ್ಲುಗಾವಲು, ಅದರ ಮಡಿಲಲ್ಲಿರುವ ಶೋಲಾ ಕಾಡು ಹೇಗಿದೆ ಎಂದು ನೋಡಿದವರು ಎಷ್ಟು ಜನ? ಅದೇ ಬೆಟ್ಟದಲ್ಲಿ ದಶಕಗಳ ಕಾಲ ಕಬ್ಬಿಣದ ಅದಿರು ತೆಗೆದದ್ದು, ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2005ರ ಕೊನೆಗೆ ಗಣಿ ನಿಂತದ್ದು ನಮ್ಮ ಹೊಳೆಯ ಕಥೆಯೂ ಹೌದು. ನೀರಿನ ಬಗ್ಗೆ ಮಾತನಾಡುವ ಊರಿನವರು ನೀರಿನ ತವರನ್ನು ಒಮ್ಮೆ ಕಾಲಲ್ಲಿ ನಡೆದು ನೋಡಬೇಕು ಎಂಬುದು ನಮ್ಮ ಆಸೆ.

ಒಂದೇ ಕಡೆ ಮಲಗಿ, ದಿನಕ್ಕೊಂದು ದಾರಿ

ಹಲವು ದಿನದ ಚಾರಣ ಎಂದರೆ ಡೇರೆ ಹೊತ್ತು ಕಾಡಿನಿಂದ ಕಾಡಿಗೆ ಹೋಗುವುದು ಎಂಬ ಕಲ್ಪನೆ ಇದೆ. ನಮ್ಮ ಪಶ್ಚಿಮ ಘಟ್ಟಕ್ಕೆ ಅದು ಹೊಂದುವುದಿಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಚಾರಣ ದಾರಿಗಳಲ್ಲಿ ಬೆಳಿಗ್ಗೆ ಹೋಗಿ ಸಂಜೆಯೊಳಗೆ ಇಳಿದುಬಿಡಬೇಕು, ಮೇಲೆ ಉಳಿಯುವಂತಿಲ್ಲ. ಸುಲಭವಾಗಿ ನಡೆಯಬೇಕೆನ್ನುವವರಿಗೆ ಈ ನಿಯಮ ಅನುಕೂಲವೇ. ಕಳಸದಲ್ಲೋ ಸಂಸೆಯಲ್ಲೋ ಒಂದು ಹೋಮ್‌ಸ್ಟೇ ಹಿಡಿದು ಮೂರು ರಾತ್ರಿ ಅಲ್ಲೇ ಮಲಗಿ, ದಿನಕ್ಕೊಂದು ದಾರಿ ನಡೆಯಿರಿ. ದೊಡ್ಡ ಚೀಲ ಕೋಣೆಯಲ್ಲಿರುತ್ತದೆ, ಹೆಗಲಿಗೆ ನೀರು, ಊಟ, ಮಳೆಕೋಟು ಮಾತ್ರ. ಪಾದಯಾತ್ರೆಯ ಟ್ರ್ಯಾಕ್ಟರ್ ಮಾಡುವ ಕೆಲಸವನ್ನು ಇಲ್ಲಿ ಆ ಕೋಣೆ ಮಾಡುತ್ತದೆ.

ಇನ್ನೊಂದು ಲಾಭವಿದೆ. ಎರಡನೇ ದಿನ ಯಾರಿಗಾದರೂ ಮಂಡಿ ನೋವು ಬಂದರೆ ಅವರು ಕೋಣೆಯಲ್ಲಿ ಉಳಿದು ಹೊಳೆ ದಂಡೆಗೆ ಹೋಗಿ ಬರಬಹುದು, ಮಿಕ್ಕವರು ನಡೆಯಬಹುದು. ಒಬ್ಬರಿಗಾಗಿ ಎಲ್ಲರ ಪ್ರವಾಸ ನಿಲ್ಲುವುದಿಲ್ಲ, ಎಲ್ಲರಿಗಾಗಿ ಒಬ್ಬರು ನೋವು ನುಂಗುವುದೂ ಬೇಡ.

ನಮ್ಮ ಲೆಕ್ಕದ ನಾಲ್ಕು ದಿನ ಹೀಗಿದೆ.

ಮೊದಲ ದಿನ ಪ್ರಯಾಣ ಮಾತ್ರ. ಹರಿಹರ ಅಥವಾ ದಾವಣಗೆರೆಯಲ್ಲಿ ಬೆಳಗಿನ ರೈಲು ಹತ್ತಿ ಬೀರೂರು ಅಥವಾ ಕಡೂರಿನಲ್ಲಿ ಇಳಿದು, ಅಲ್ಲಿಂದ ಚಿಕ್ಕಮಗಳೂರು, ಬಾಳೆಹೊನ್ನೂರು ಮೇಲೆ ಬಸ್ಸಿನಲ್ಲಿ ಕಳಸ. ರಂಭಾಪುರಿ ಮಠಕ್ಕೆ, ಹೊರನಾಡಿಗೆ ಹೋಗಿ ಬಂದ ಮನೆಗಳಿಗೆ ಈ ದಾರಿ ಹೊಸದೇನಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಹೆಣ್ಣುಮಕ್ಕಳಿಗೆ ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ರಾತ್ರಿ ಹೊತ್ತಿಗೆ ಮುಂಚೆ ತಲುಪಿ, ಉಂಡು ಮಲಗಿ.

ಎರಡನೇ ದಿನ ಕಾಲು ಸಡಿಲ ಮಾಡಿಕೊಳ್ಳುವ ನಡಿಗೆ. ಕಳಸೇಶ್ವರ ದೇವಸ್ಥಾನ, ಭದ್ರೆಯ ದಂಡೆ, ದೊಡ್ಡ ಬಂಡೆಯೊಂದನ್ನು ಮಧ್ವಾಚಾರ್ಯರು ಒಂದೇ ಕೈಯಲ್ಲಿ ಇಟ್ಟರು ಎಂಬ ಪ್ರತೀತಿಯ ಅಂಬುತೀರ್ಥ. ಕಾಫಿ ತೋಟ, ಅಡಿಕೆ ತೋಟದ ನಡುವೆ ಏರಿಳಿಯುವ ರಸ್ತೆಯಲ್ಲಿ ನಡೆದರೆ ಯಾರ ಉಸಿರು ಎಷ್ಟು ಎಂಬುದು ಗುಂಪಿಗೆ ತಿಳಿಯುತ್ತದೆ.

ಮೂರನೇ ದಿನ ಕುರಿಂಜಾಲ್ ಅಥವಾ ಗಂಗಡಿಕಲ್ಲು. ಎರಡೂ ಕುದುರೆಮುಖ ಉದ್ಯಾನದೊಳಗಿನ, ಅರಣ್ಯ ಇಲಾಖೆಯ ಅನುಮತಿ ಪಡೆದು ಹೋಗುವ ದಾರಿಗಳು. ಕುದುರೆಮುಖ ಶಿಖರಕ್ಕೆ ಹೋಲಿಸಿದರೆ ಎರಡೂ ಚಿಕ್ಕವು. ನಿಧಾನ ನಡೆದರೂ ಬೆಳಕಿರುವಾಗಲೇ ಇಳಿಯಬಹುದು. ಮೇಲೆ ಹೋದರೆ ಹುಲ್ಲಿನ ಗುಡ್ಡದ ಮಡಿಕೆ ಮಡಿಕೆಯಲ್ಲಿ ಕಪ್ಪಾಗಿ ಕೂತ ಶೋಲಾ ಕಾಣುತ್ತದೆ. ಪ್ರತಿ ಮಡಿಕೆಯಲ್ಲೂ ಒಂದು ಝರಿ.

ನಾಲ್ಕನೇ ದಿನ ಹೊರನಾಡಿನಲ್ಲಿ ಪ್ರಸಾದ ಉಂಡು ಊರಿಗೆ. ಶರೀರ ಇನ್ನೂ ಗಟ್ಟಿ ಇದ್ದರೆ ಇನ್ನೊಂದು ದಿನ ಸೇರಿಸಿ ಉಳಿದ ದಾರಿ ನಡೆಯಿರಿ. ಸೇರಿಸುವುದು ಸುಲಭ, ಅರ್ಧಕ್ಕೆ ಕಡಿಯುವುದು ಕಷ್ಟ.

ಕುದುರೆಮುಖ ಶಿಖರ ಯಾಕೆ ಬೇಡ?

"ಅಲ್ಲಿತನಕ ಹೋಗಿ ಶಿಖರ ಹತ್ತದೆ ಬರೋದಾ?" ಎಂದು ಗುಂಪಿನ ಗಟ್ಟಿ ಕಾಲಿನವರು ಕೇಳುತ್ತಾರೆ. ಉತ್ತರ ಲೆಕ್ಕದಲ್ಲಿದೆ.

1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬುವರು ಬೆಟ್ಟದ ನಡಿಗೆಗೆ ಒಂದು ಸೂತ್ರ ಹೇಳಿದರು. ಮೂರು ಮೈಲಿಗೆ, ಅಂದರೆ ಹತ್ತಿರ ಹತ್ತಿರ ಐದು ಕಿಲೋಮೀಟರಿಗೆ ಒಂದು ತಾಸು. ಎರಡು ಸಾವಿರ ಅಡಿ, ಅಂದರೆ ಸುಮಾರು 600 ಮೀಟರ್ ಏರಿಗೆ ಇನ್ನೊಂದು ತಾಸು. ಇಂದಿಗೂ ಬೆಟ್ಟ ಹತ್ತುವವರು ಈ ಲೆಕ್ಕ ಬಳಸುತ್ತಾರೆ. ಕುದುರೆಮುಖದ ತುದಿ 1,890 ಮೀಟರಿನ ಆಸುಪಾಸು. ಮುಳ್ಳೋಡಿ ಕಡೆಯಿಂದ ಹತ್ತಿರ ಹತ್ತಿರ ಹತ್ತು ಕಿಲೋಮೀಟರ್ ನಡಿಗೆ, ಸಾವಿರ ಮೀಟರಿನ ಹತ್ತಿರದ ಏರು. ಸೂತ್ರದ ಪ್ರಕಾರವೇ ಹೋಗಲು ಮೂರೂವರೆ ತಾಸಿಗೂ ಹೆಚ್ಚು. ಅದು ಗಟ್ಟಿ ಕಾಲಿಗೆ, ಎಲ್ಲೂ ಕೂರದೆ. ಬಯಲಿನಿಂದ ಬಂದ ನಮ್ಮ ಗುಂಪಿನ ಹಿಂದೆ ಉಳಿಯುವವರಿಗೆ ಅದರ ಒಂದೂವರೆ ಪಟ್ಟು ಇಡಿ: ಐದೂವರೆ ತಾಸು. ಇಳಿಯಲು ನಾಲ್ಕು. ಊಟಕ್ಕೆ ಅರ್ಧ. ಒಟ್ಟು ಹತ್ತು ತಾಸು. ಡಿಸೆಂಬರಿನ ಹಗಲು ಹನ್ನೊಂದು ತಾಸಿಗೆ ಸ್ವಲ್ಪ ಹೆಚ್ಚು, ಅಷ್ಟೇ. ಒಬ್ಬರ ಕಾಲು ಉಳುಕಿದರೂ ಕತ್ತಲಾಗುತ್ತದೆ.

ಯಾವ ದಾರಿಗೂ ಮೊದಲು ಈ ಲೆಕ್ಕ ಮಾಡಿ. ಹಗಲಿನ ಬೆಳಕಿನಲ್ಲಿ ಕನಿಷ್ಠ ಮೂರು ತಾಸು ಉಳಿಯಬೇಕು. ಉಳಿಯದಿದ್ದರೆ ಅದು ನಿಮ್ಮ ಗುಂಪಿಗೆ ಸುಲಭದ ದಾರಿಯಲ್ಲ, ಇಂಟರ್ನೆಟ್ಟಿನಲ್ಲಿ ಯಾರು ಏನೇ ಬರೆದಿರಲಿ.

ಇದೇ ಕಾರಣಕ್ಕೆ ಶನಿವಾರ ಭಾನುವಾರದ ಪ್ಯಾಕೇಜುಗಳ ಬಗ್ಗೆ ನಮಗೆ ಅನುಮಾನ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು, ಬೆಳಗಾಗುತ್ತಲೇ ಬೆಟ್ಟ ಹತ್ತಿ, ಮತ್ತೆ ರಾತ್ರಿ ಬಸ್ಸಿನಲ್ಲಿ ವಾಪಸ್. ನಿದ್ದೆ ಇಲ್ಲದ ಕಾಲಿಗೆ ಇಳಿಜಾರು ಒಳ್ಳೆಯದಲ್ಲ. ಒಂದು ದಿನ ಹೆಚ್ಚಿಟ್ಟರೆ ಕೋಣೆ ಬಾಡಿಗೆ ಹೆಚ್ಚಾಗುತ್ತದೆ ನಿಜ. ಆದರೆ ಅಷ್ಟರಲ್ಲಿ ನಾಲ್ಕು ಜನ ಹೆಚ್ಚಿಗೆ ಬರುವ ಧೈರ್ಯ ಮಾಡುತ್ತಾರೆ.

ಪರವಾನಗಿ ಮತ್ತು ತಿಂಗಳು

2024ರ ಜನವರಿ ಕೊನೆಯಲ್ಲಿ ಕುಮಾರಪರ್ವತದಲ್ಲಿ ಒಂದೇ ಸಲ ಸಾವಿರಾರು ಜನ ಸೇರಿದ ವಿಡಿಯೋ ನೀವೂ ನೋಡಿರಬಹುದು. ಅದಾದ ಮೇಲೆ ರಾಜ್ಯದಲ್ಲಿ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಕ್ಕೆ ತಡೆ ಬಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಅರಣ್ಯ ಇಲಾಖೆ 'ಅರಣ್ಯ ವಿಹಾರ' ಎಂಬ ಜಾಲತಾಣ ತೆರೆಯಿತು. ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ. ಪ್ರತಿಯೊಬ್ಬರ ಹೆಸರು, ಗುರುತಿನ ಚೀಟಿ ಬೇಕು. ಹಳ್ಳಿಯಿಂದ ಹೋಗುವವರು ಗೇಟಿನಲ್ಲಿ ಕೇಳಿದರಾಯಿತು ಎಂದು ಹೊರಡಬೇಡಿ. ಮೊದಲು ಬುಕಿಂಗ್, ಆಮೇಲೆ ಕೋಣೆ, ಆಮೇಲೆ ರೈಲು ಟಿಕೆಟ್. ಸಾಧ್ಯವಾದರೆ ಸೋಮವಾರದಿಂದ ಗುರುವಾರದ ಒಳಗೆ ಹೋಗಿ, ಗಲಾಟೆ ಕಡಿಮೆ.

ಈ ಮಿತಿಯನ್ನು ನಾವು ಬೆಂಬಲಿಸುತ್ತೇವೆ. "ಎಲ್ಲರೂ ಹೋಗಿ" ಎಂದು ಬರೆಯುವವರು ಮಿತಿಗೆ ಕೈ ಎತ್ತುವುದು ವಿಚಿತ್ರ ಅನಿಸಬಹುದು. ಆದರೆ ಕೆರೆಗೂ ಕಟ್ಟೆ ಬೇಕು. ಕಾಡುಕೋಣ, ಸಿಂಗಳೀಕ ಇರುವ ಜಾಗಕ್ಕೆ ಜಾತ್ರೆ ಹೋಗಬಾರದು. ಎಂಟು ಹತ್ತು ಜನರ ಗುಂಪು ಸಾಕು. ಸ್ಪೀಕರ್ ಬೇಡ, ಬಾಟಲಿ ಬೇಡ. ಒಯ್ದ ಪ್ಲಾಸ್ಟಿಕ್ ವಾಪಸ್ ತರಬೇಕು. ಅಲ್ಲಿ ಎಸೆದ ಕವರ್ ಹೊಳೆ ಹಿಡಿದು ಬರುವುದು ನಮ್ಮ ಕಡೆಗೇ.

ತಿಂಗಳು ಯಾವುದು? ಆಗುಂಬೆಯಂಥ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮ ದಾವಣಗೆರೆಯಲ್ಲಿ ಅದರ ಹತ್ತನೇ ಒಂದು ಭಾಗದಷ್ಟೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಘಟ್ಟದ ಮಳೆ ನಮ್ಮ ಮಳೆಯಲ್ಲ. ಹಳ್ಳ ಒಂದು ತಾಸಿನಲ್ಲಿ ಏರುತ್ತದೆ, ಉಂಬಳ ಕಾಲು ಬಿಡುವುದಿಲ್ಲ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಇಲಾಖೆ ದಾರಿ ಮುಚ್ಚುವುದುಂಟು. ನವೆಂಬರ್ ಕೊನೆಯಿಂದ ಜನವರಿ ತನಕ ಸರಿಯಾದ ಕಾಲ. ಮೆಕ್ಕೆಜೋಳ ಮನೆ ಸೇರಿ, ಭತ್ತದ ಕೊಯ್ಲು ಮುಗಿದು, ಬೇಸಿಗೆ ನಾಟಿಗೆ ನಾಲೆ ನೀರು ಬರುವ ಮುಂಚಿನ ಬಿಡುವು ಅದೇ.

ಆ ತಿಂಗಳುಗಳಿಗೆ ಒಂದು ಎಚ್ಚರಿಕೆ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಹೆಚ್ಚಾಗಿ ಡಿಸೆಂಬರಿನಿಂದ ಮೇ ತನಕ, ಕಾಡಿನ ಉಣ್ಣೆಯಿಂದ. ಚಿಕ್ಕಮಗಳೂರು ಜಿಲ್ಲೆಯಲ್ಲೂ ಪ್ರಕರಣಗಳು ಕಂಡಿವೆ. ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟ್, ಪ್ಯಾಂಟಿನ ತುದಿ ಕಾಲುಚೀಲದೊಳಗೆ. ಆರೋಗ್ಯ ಇಲಾಖೆ ಮಲೆನಾಡಿನಲ್ಲಿ ಕೊಡುವ ಡೆಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ. ಒಣ ಎಲೆಯ ಮೇಲೆ ಕೂರಬೇಡಿ. ಸಂಜೆ ಬಂದು ಬಿಸಿನೀರು ಸ್ನಾನ ಮಾಡಿ ಮೈ ನೋಡಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಿ. ಊರಿಗೆ ಬಂದ ಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆವೆಂದು ಡಾಕ್ಟರಿಗೆ ಹೇಳಿ.

ತಯಾರಿ ಊರಲ್ಲೇ

ಸಾವಿರಾರು ರೂಪಾಯಿಯ ಬೂಟು ಬೇಕಿಲ್ಲ. ಅಡಿ ಸವೆಯದ, ಹಿಡಿತ ಇರುವ ಕ್ಯಾನ್ವಾಸ್ ಶೂ ಸಾಕು; ಆದರೆ ಹೊಸ ಶೂ ಹಾಕಿಕೊಂಡು ಹೊರಡಬೇಡಿ, ತಿಂಗಳ ಮುಂಚೆ ಹಾಕಿ ಪಳಗಿಸಿ. ಎರಡು ಜೊತೆ ಕಾಲುಚೀಲ. ಒಂದು ಬಿದಿರು ಕೋಲು, ಇಳಿಯುವಾಗ ಅದು ಮಂಡಿಯ ಭಾರ ತೆಗೆಯುತ್ತದೆ.

ಅಭ್ಯಾಸಕ್ಕೆ ಕೊಂಡಜ್ಜಿ ಇದೆ. ದಾವಣಗೆರೆಗೂ ಹರಿಹರಕ್ಕೂ ಹತ್ತಿರ, ಕೆರೆ ಇದೆ, ಗುಡ್ಡ ಇದೆ, ಸ್ಕೌಟ್ಸ್ ಮಕ್ಕಳು ಶಿಬಿರ ಮಾಡುವ ಜಾಗ. ಪ್ರವಾಸದ ಮುಂಚಿನ ನಾಲ್ಕು ಭಾನುವಾರ ಅಲ್ಲಿ ಗುಂಪಾಗಿ ನಡೆಯಿರಿ. ಕೊನೆಯ ವಾರ ಶನಿವಾರ, ಭಾನುವಾರ ಎರಡೂ ದಿನ ನಡೆಯಿರಿ. ಎರಡನೇ ದಿನ ಕಾಲು ಏನು ಹೇಳುತ್ತದೆ ಎಂಬುದು ಮುಖ್ಯ. ಒಮ್ಮೆ ಚಿತ್ರದುರ್ಗದ ಕೋಟೆ ಹತ್ತಿ ಇಳಿದರೆ ಇನ್ನೂ ಒಳ್ಳೆಯದು. ಈ ನಡಿಗೆಗಳಲ್ಲಿ ಯಾರು ಹಿಂದೆ ಉಳಿಯುತ್ತಾರೋ ಅವರನ್ನು ತಮಾಷೆ ಮಾಡಬೇಡಿ, ಗಡಿಯಾರ ನೋಡಿ ಅವರ ವೇಗ ಬರೆದುಕೊಳ್ಳಿ. ನಿಮ್ಮ ಯೋಜನೆಯ ಮೊದಲ ಸಾಲು ಅದು.

ಊಟದ ವಿಷಯದಲ್ಲಿ ನಮ್ಮ ಸೀಮೆ ಶ್ರೀಮಂತ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಶೇಂಗಾ ಹೋಳಿಗೆ, ಒಗ್ಗರಣೆ ಹಾಕಿದ ಮಂಡಕ್ಕಿ. ಹಗುರ, ಕೆಡುವುದಿಲ್ಲ, ಹೊಟ್ಟೆ ತುಂಬುತ್ತದೆ. ಪ್ಯಾಕೆಟ್ ತಿಂಡಿಯ ಕಸವೂ ಇಲ್ಲ. ತಲೆಗೆ ಎರಡು ಲೀಟರ್ ನೀರು, ಜೊತೆಗೆ ಓಆರ್‌ಎಸ್ ಪುಡಿ.

ಫೋನಿನ ಮೇಲೆ ಪೂರ್ತಿ ಭರವಸೆ ಇಡಬೇಡಿ. ಕಾಡಿನಲ್ಲಿ ಸಿಗ್ನಲ್ ಇರುವುದಿಲ್ಲ. ಮ್ಯಾಪ್ ಮುಂಚೆಯೇ ಡೌನ್‌ಲೋಡ್ ಮಾಡಿಕೊಂಡು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿದರೆ ಬ್ಯಾಟರಿ ದಿನವಿಡೀ ಬರುತ್ತದೆ. ಮನೆಯವರಿಗೆ ಒಂದು ಹಾಳೆಯಲ್ಲಿ ಬರೆದು ಕೊಡಿ: ಯಾವ ದಿನ ಯಾವ ದಾರಿ, ಎಲ್ಲಿ ಮಲಗುವುದು, ಎಷ್ಟು ಗಂಟೆಗೆ ಫೋನ್ ಮಾಡುವುದು. ಹೆಣ್ಣುಮಕ್ಕಳನ್ನು ಕಳಿಸಲು ಹಿಂಜರಿಯುವ ಮನೆಗಳಲ್ಲಿ ಈ ಹಾಳೆ ದೊಡ್ಡ ಕೆಲಸ ಮಾಡುತ್ತದೆ. ಅವ್ವಂದಿರನ್ನೇ ಜೊತೆಗೆ ಕರೆದರೆ ಇನ್ನೂ ಚೆನ್ನ. ಕೊಟ್ಟೂರಿಗೆ ನಡೆದವರಿಗೆ ಕುರಿಂಜಾಲ್ ದೊಡ್ಡ ಮಾತಲ್ಲ.

ನಡೆಯುವಾಗ ಮೂರೇ ನಿಯಮ. ಎಲ್ಲರಿಗಿಂತ ನಿಧಾನ ನಡೆಯುವವರು ಮುಂದೆ. ಎಲ್ಲರಿಗಿಂತ ಗಟ್ಟಿ ಕಾಲಿನವರು ಕೊನೆಯಲ್ಲಿ. ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿದ್ದರೂ ತಿರುಗುವುದು, ತುದಿ ನೂರು ಹೆಜ್ಜೆ ದೂರ ಇದ್ದರೂ ಸರಿ.

ಬೆಟ್ಟ ಹತ್ತುವುದು ಬೆಂಗಳೂರಿನವರ, ದುಡ್ಡಿದ್ದವರ, ಗಂಡುಮಕ್ಕಳ ಹವ್ಯಾಸ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಆ ಮಾತು ಸುಳ್ಳಾಗಬೇಕಾದರೆ ಶಿಖರ ಮುಟ್ಟಿದವರ ಫೋಟೋ ಹೆಚ್ಚಾದರೆ ಸಾಲದು. "ನನ್ನ ಕೈಲಿ ಆಗುತ್ತಾ" ಎಂದು ಕೇಳಿದವರು ಹೋಗಿ ಬರಬೇಕು. ಈ ವರ್ಷ ಕೊಯ್ಲು ಮುಗಿದ ಮೇಲೆ ನಿಮ್ಮ ಊರಿನ ಗುಂಪಿನಲ್ಲಿ ಆ ಪ್ರಶ್ನೆ ಕೇಳಿದವರನ್ನು ಮೊದಲು ಕರೆಯಿರಿ. ದಿನಾಂಕವನ್ನು ಅವರೇ ಗೊತ್ತು ಮಾಡಲಿ.